ದೇವರ ಮೀನಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಬೇಲೂರಿನಲ್ಲಿ ಗೈಡ್ ಆಗಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮೊನ್ನೆ ರಾತ್ರಿ ನಾನು ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿದ. ಪಿಯುಸಿ ಇಂಗ್ಲಿಷಿನಲ್ಲಿ ಮೂವತ್ತೈದಕ್ಕೆ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ ಅನ್ನುವಂತೆ ಪಾಸಾದವನು. ಈಗ ದಿನಕ್ಕೆ ನಾಲ್ಕೈದು ಗುಂಪಿಗೆ ಇಂಗ್ಲಿಷಿನಲ್ಲೇ ವಿಷ್ಣುವರ್ಧನನ ಕಥೆ ಹೇಳುತ್ತಾನೆ. ಇಪ್ಪತ್ತಾರು ವರ್ಷ ಆ ಭಾಷೆಯನ್ನು ಪಾಠ ಮಾಡಿದ ನನಗಿಂತ ಸಲೀಸಾಗಿ.

“ಮೇಡಂ, ಒಂದು ಡೌಟು. ಹೋಲಿ ಅಂದ್ರೂ ಪವಿತ್ರ, ಸೇಕ್ರೆಡ್ ಅಂದ್ರೂ ಪವಿತ್ರ, ಅಲ್ವಾ?”

“ಹೂಂ, ಹೆಚ್ಚುಕಮ್ಮಿ ಅದೇ. ಯಾಕೋ?”

ಅವತ್ತು ಅವನ ಗುಂಪಿನಲ್ಲಿ ಇಂಗ್ಲೆಂಡಿನ ಒಬ್ಬರು ವಯಸ್ಸಾದ ಹೆಂಗಸು ಇದ್ದರಂತೆ. ಇವನು ತನ್ನ ರೂಢಿಯಂತೆ ಹೋಲಿ ಟೆಂಪಲ್, ಹೋಲಿ ಪಿಲ್ಲರ್, ಹೋಲಿ ಟ್ಯಾಂಕ್ ಅಂತ ಹೇಳಿಕೊಂಡು ಹೋಗಿದ್ದಾನೆ. ಆಯಮ್ಮ ಎಲ್ಲ ಕೇಳಿಸಿಕೊಂಡು, ‘ಯುನೆಸ್ಕೋದವರು ಇದನ್ನ ಸೇಕ್ರೆಡ್ ಅಂತಾರಲ್ಲ, ಇಲ್ಲಿ ಸೇಕ್ರೆಡ್ ಆಗಿರೋದು ಯಾವುದು? ಈ ಕಲ್ಲಾ, ಒಳಗಿರೋ ದೇವರಾ, ಚಪ್ಪಲಿ ಬಿಟ್ಟು ನಿಂತಿದೀವಲ್ಲ ಈ ಅಂಗಳಾನಾ?’ ಅಂತ ಕೇಳಿದರಂತೆ.

“ನಾನು ‘ಆಲ್ ಮೇಡಂ, ಆಲ್’ ಅಂದು ದರ್ಪಣಸುಂದರಿ ಹತ್ರ ಕರ್ಕೊಂಡೋದೆ. ಆದ್ರೆ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ ಮೇಡಂ.”

ನನಗೂ ಆಗಲಿಲ್ಲ. ಮುದ್ದೆ ಆರಿಹೋಯಿತು.

ಈ ಪದ ನಮ್ಮ ಜಿಲ್ಲೆಗೆ ದೊಡ್ಡ ಸದ್ದು ಮಾಡಿಕೊಂಡು ಬಂದದ್ದು 2023ರ ಸೆಪ್ಟೆಂಬರ್ 18ರಂದು. ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಪಟ್ಟಿಯಲ್ಲಿರುವ ಹೆಸರು ‘ಸೇಕ್ರೆಡ್ ಎನ್‌ಸೆಂಬಲ್ಸ್ ಆಫ್ ದಿ ಹೊಯ್ಸಳಾಸ್’. ಎನ್‌ಸೆಂಬಲ್ಸ್ ಅಂದರೆ ಇಲ್ಲಿ ಗುಡಿಗಳ ಸಮೂಹ. ಅವತ್ತು ಸಂಜೆ ನಮ್ಮ ಮನೆ ವಾಟ್ಸಾಪ್ ಗುಂಪಿಗೆ ಬಂದ ಮೆಸೇಜಿನಲ್ಲಿ ಅದು ‘ಹೊಯ್ಸಳರ ಪವಿತ್ರ ಮೇಳಗಳು’ ಆಗಿತ್ತು. ನಮ್ಮ ಚಿಕ್ಕಪ್ಪ ‘ಯಾವ ಮೇಳ, ಆಟ ಎಷ್ಟು ಗಂಟೆಗೆ?’ ಅಂತ ಉತ್ತರ ಕೊಟ್ಟಿದ್ದರು. ಎಲ್ಲರೂ ‘ಮೇಳ’ಕ್ಕೆ ನಕ್ಕರು. ‘ಪವಿತ್ರ’ದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಈಗ ತೆಗೆಯುತ್ತಿದ್ದೇನೆ.

ಹೋಲಿ ಮತ್ತು ಸೇಕ್ರೆಡ್ ಎರಡೂ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲ. ಬೇರೆ ಬೇರೆ ಊರಿಂದ ಬಂದು ಒಂದೇ ಮನೆ ಸೇರಿದ ವಾರಗಿತ್ತಿಯರು. ಹೋಲಿ ಇಂಗ್ಲಿಷಿನ ಸ್ವಂತ ಪದ, ಹಳೇ ಇಂಗ್ಲಿಷಿನ ‘ಹಾಲಿಗ್’ನಿಂದ ಬಂದದ್ದು. ‘ಹೋಲ್’ ಅಂದರೆ ಇಡಿಯಾದದ್ದು, ‘ಹೆಲ್ತ್’ ಅಂದರೆ ಆರೋಗ್ಯ, ಇವೆಲ್ಲ ಅದರ ಬಳಗ. ಊನವಿಲ್ಲದ್ದು, ಪೂರ್ಣವಾದದ್ದು, ತನ್ನ ಪಾಡಿಗೆ ತಾನು ದೊಡ್ಡದಾಗಿರುವಂಥದ್ದು.

ಸೇಕ್ರೆಡ್ ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ನಡೆದುಕೊಂಡು ಬಂದು ಹದಿನಾಲ್ಕನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಸೇರಿತು. ಬರುವಾಗ ಅದು ಗುಣವಾಚಕವೇ ಆಗಿರಲಿಲ್ಲ. ‘ಸೇಕ್ರ್’ ಅನ್ನುವ ಒಂದು ಕ್ರಿಯಾಪದ ಇತ್ತು, ದೇವರಿಗೆ ಒಪ್ಪಿಸು ಅಂತ ಅರ್ಥ. ಅದರ ಭೂತಕಾಲದ ರೂಪ ಇದು. ಆ ಕ್ರಿಯಾಪದ ಆಮೇಲೆ ಸತ್ತುಹೋಯಿತು. ಅದರ ಬಾಲ ಮಾತ್ರ ‘ಸೇಕ್ರೆಡ್’ ಆಗಿ ಉಳಿಯಿತು. ಅಂದರೆ ಸೇಕ್ರೆಡ್ ಎಂದರೆ ‘ಒಪ್ಪಿಸಿದ್ದು’. ಯಾರೋ ಒಬ್ಬರು ಒಪ್ಪಿಸಿರಬೇಕು. ತಾನಾಗಿ ಆಗುವುದಲ್ಲ.

ಹಾಗಾಗಿಯೇ ಇಂಗ್ಲಿಷಿನವರು ದೇವರನ್ನು ಹೋಲಿ ಅನ್ನುತ್ತಾರೆ, ಸೇಕ್ರೆಡ್ ಅನ್ನುವುದು ಕಡಿಮೆ. ದೇವರಿಗೆ ಸೇರಿದ ಕಲ್ಲು, ಮರ, ಪುಸ್ತಕ, ಹಾಡು ಇವೆಲ್ಲ ಸೇಕ್ರೆಡ್. ಆದರೆ ಬಳಕೆ ಇಷ್ಟು ಸಲೀಸಾಗಿ ಗೆರೆ ಕೊಯ್ದು ಕೂತಿಲ್ಲ ಅನ್ನಿ. ಹೋಲಿ ಬೈಬಲ್, ಹೋಲಿ ವಾಟರ್ ಅಂತಾರೆ, ಸೇಕ್ರೆಡ್ ವಾಟರ್ ಅಂದರೆ ಕಿವಿಗೆ ಬೇರೆ ಕೇಳುತ್ತದೆ. ಯೇಸುವಿನ ಹೃದಯ ಮಾತ್ರ ಸೇಕ್ರೆಡ್ ಹಾರ್ಟ್, ಹೋಲಿ ಹಾರ್ಟ್ ಅಲ್ಲ. ಜನಿವಾರ ಸೇಕ್ರೆಡ್ ಥ್ರೆಡ್. ‘ಹೋಲಿ ಕೌ’ ಅಂದರೆ ‘ಅಯ್ಯೋ ಶಿವನೇ’ ಅನ್ನುವ ಉದ್ಗಾರ, ‘ಸೇಕ್ರೆಡ್ ಕೌ’ ಅಂದರೆ ಯಾರೂ ಪ್ರಶ್ನೆ ಮಾಡಬಾರದ ವಿಷಯ. ನಮ್ಮ ದೇಶದ ಗೋಪೂಜೆಯನ್ನು ದೂರದಿಂದ ನೋಡಿ ಅಮೆರಿಕದ ಕಡೆಯವರು ಕಟ್ಟಿಕೊಂಡ ನುಡಿಗಟ್ಟು ಅದು. ಈಗ ನಮ್ಮ ಪತ್ರಿಕೆಗಳಲ್ಲೇ ‘ಪವಿತ್ರ ಗೋವು’ ಆಗಿ, ವ್ಯಂಗ್ಯ ಹೊತ್ತುಕೊಂಡು ವಾಪಸ್ ಬಂದಿದೆ. ಬೇಲೂರು ಸಂತೆಯಲ್ಲಿ ಕೋಸು ಕದ್ದು ತಿಂದು ಏಟು ತಿನ್ನುವ ಹಸುವಿಗೆ ಈ ಎರಡೂ ಗೊತ್ತಿಲ್ಲ.

ಪರೀಕ್ಷೆ ಪೇಪರ್ ತಿದ್ದುವವರಿಗೆ ಈ ಪದ ಇನ್ನೊಂದು ಕಾರಣಕ್ಕೆ ಪರಿಚಯ. ಅಕ್ಷರ ಎರಡು ಅದಲು ಬದಲಾದರೆ ‘ಸ್ಕೇರ್ಡ್’ ಆಗುತ್ತದೆ, ಹೆದರಿದ ಅಂತ. ‘ಶ್ರವಣಬೆಳಗೊಳ ಈಸ್ ಎ ಸ್ಕೇರ್ಡ್ ಪ್ಲೇಸ್’ ಅನ್ನುವ ವಾಕ್ಯಕ್ಕೆ ನಾನು ಇಷ್ಟು ವರ್ಷದಲ್ಲಿ ಎಷ್ಟು ಸಲ ಕೆಂಪು ಗೀಟು ಎಳೆದಿದ್ದೇನೋ. (ಅದೇ ಆರು ಅಕ್ಷರ ಇನ್ನೊಂದು ಥರ ಜೋಡಿಸಿದರೆ ‘ಸೀಡರ್ಸ್’ ಆಗುತ್ತದೆ. ಹಿಮಾಲಯದ ಸೀಡರ್ ಮರಕ್ಕೆ ನಮ್ಮ ಹೆಸರು ದೇವದಾರು. ಇದರಲ್ಲಿ ದೊಡ್ಡ ತತ್ವವೇನಿಲ್ಲ, ಪೇಪರ್ ತಿದ್ದುವ ಮಧ್ಯಾಹ್ನಗಳಲ್ಲಿ ಇಂಥವು ಹೊಳೆಯುತ್ತವೆ, ಅಷ್ಟೆ.)

ಈ ತಪ್ಪು ನಮ್ಮೂರಿಗೂ ಬಂತು. ನಮ್ಮದು ಸಕಲೇಶಪುರ ತಾಲ್ಲೂಕು. ಊರ ಮೇಲ್ಗಡೆ ಒಂದು ಎಕರೆಯೂ ಇರದ ಒಂದು ಚೌಡಿ ಬನ ಇದೆ. ಸುತ್ತ ಎಲ್ಲ ಕಾಫಿ, ಸಿಲ್ವರ್ ಓಕ್, ಮೆಣಸು. ನಡುವೆ ಇದೊಂದು ಮಾತ್ರ ಹಾಗೇ ಉಳಿದ ಕಾಡು. ಅಲ್ಲಿಂದ ಒಣಗಿದ ಪುಳ್ಳೆಯನ್ನೂ ಯಾರೂ ತರುವುದಿಲ್ಲ. ಬಿದ್ದ ಮರ ಬಿದ್ದಲ್ಲೇ ಲಡ್ಡಾಗುತ್ತದೆ. ನಾಲ್ಕು ವರ್ಷದ ಹಿಂದೆ ಹತ್ತಿರದ ಹೋಮ್‌ಸ್ಟೇಗೆ ಬಂದ ಹುಡುಗರು ರಾತ್ರಿ ಅಲ್ಲಿ ಬೆಂಕಿ ಹಾಕಿಕೊಂಡು ಕೂತು, ಬಾಟಲಿ ಒಡೆದು ಹೋಗಿದ್ದರು. ಊರಿನ ಹುಡುಗರು ‘ಅಕ್ಕಾ, ಒಂದು ಇಂಗ್ಲಿಷ್ ಬೋರ್ಡ್ ಬರೆದುಕೊಡಿ, ಕನ್ನಡ ಇವರಿಗೆ ನಾಟಲ್ಲ’ ಅಂದರು. ನಾನು ಚೀಟಿಯಲ್ಲಿ ‘ಸೇಕ್ರೆಡ್ ಗ್ರೋವ್, ಒಳಗೆ ಹೋಗಬೇಡಿ’ ಅಂತ ಬರೆದುಕೊಟ್ಟೆ. ಪೇಂಟರ್ ದಪ್ಪಕ್ಷರದಲ್ಲಿ, ಬಿಳಿ ಮೇಲೆ ಕೆಂಪಿನಲ್ಲಿ, ‘ಸ್ಕೇರ್ಡ್ ಗ್ರೋವ್’ ಅಂತ ಬರೆದು, ತಗಡನ್ನು ಹೊನ್ನೆ ಮರಕ್ಕೆ ಬಿಗಿಸಿಯೂ ಆಗಿತ್ತು.

ತಿದ್ದಿಸೋಣ ಅಂದೆ. ಅವ್ವ ಏನು ಬರೆದಿದೆ ಅಂತ ಕೇಳಿದಳು.

“ಹೆದರಿರೋ ಬನ ಅಂತ ಆಗಿದೆ ಕಣವ್ವ.”

“ಹೆದರದೆ ಇನ್ನೇನು? ಆ ಹುಡುಗ್ರು ಬಾಟ್ಲಿ ಒಡೆದಿದ್ದು ನೋಡಿದ್ರೆ ಯಾವ ಬನ ಹೆದರಲ್ಲ. ಇರ್ಲಿ ಬಿಡು.”

ಬೋರ್ಡು ಇನ್ನೂ ಹಾಗೇ ಇದೆ.

ಈ ಬನವನ್ನು ಯಾರಾದರೂ ‘ಪವಿತ್ರ’ ಅಂದರೆ ಊರಲ್ಲಿ ನಗುತ್ತಾರೆ. ಪವಿತ್ರ ಅಂದರೆ ಗುಡಿಸಿ, ಸಾರಿಸಿ, ರಂಗೋಲಿ ಇಟ್ಟ ಜಾಗ. ಸಂಸ್ಕೃತದಲ್ಲೂ ಅದರ ಬೇರು ಶುದ್ಧ ಮಾಡುವುದರಲ್ಲೇ ಇದೆ. ಋಗ್ವೇದದಲ್ಲಿ ಸೋಮರಸ ಸೋಸುವ ಉಣ್ಣೆಯ ಜರಡಿಯನ್ನು ‘ಪವಿತ್ರ’ ಎನ್ನುತ್ತಿದ್ದರು. ತಿಥಿಯ ದಿನ ಬೆರಳಿಗೆ ಹಾಕುವ ದರ್ಭೆಯ ಉಂಗುರಕ್ಕೂ ಪವಿತ್ರವೆಂದೇ ಹೆಸರು. ಆ ಲೆಕ್ಕದಲ್ಲಿ ನಮ್ಮ ಕಾಫಿ ಸೀಮೆಯಲ್ಲಿ ಡಿಕಾಕ್ಷನ್ ಸೋಸುವ ಬಟ್ಟೆಗಿಂತ ಪವಿತ್ರವಾದದ್ದು ಇನ್ನೊಂದಿಲ್ಲ. ಚೌಡಿ ಬನ ಹಾಗಲ್ಲ. ಅಲ್ಲಿ ಎಲೆ ಕೊಳೆಯುತ್ತದೆ, ಜಿಗಣೆ ಹತ್ತುತ್ತದೆ, ವರ್ಷಕ್ಕೊಮ್ಮೆ ಕೋಳಿಯ ನೆತ್ತರು ಬೀಳುತ್ತದೆ, ಯಾರೂ ಗುಡಿಸುವುದಿಲ್ಲ. ಮುಸ್ಸಂಜೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಲ್ಯಾಟಿನ್ನಿನ ‘ಸಾಕೆರ್’ಗೂ ಇದೇ ಎರಡು ಮುಖ. ದೇವರಿಗೆ ಬಿಟ್ಟದ್ದು ಅನ್ನುವುದು ಒಂದು ಅರ್ಥ, ಶಾಪ ತಗುಲಿದ್ದು ಅನ್ನುವುದು ಇನ್ನೊಂದು. ರೋಮನ್ನರ ಹಳೇ ಕಾನೂನಿನಲ್ಲಿ ಒಬ್ಬ ಮನುಷ್ಯನನ್ನು ಸಾಕೆರ್ ಅಂತ ಸಾರಿದರೆ, ಅವನನ್ನು ಯಾರು ಕೊಂದರೂ ಅದು ಕೊಲೆಯಲ್ಲ. ಆದರೆ ಬಲಿ ಕೊಡುವ ಹಾಗೂ ಇಲ್ಲ. ಇದನ್ನು ಮೊದಲು ಓದಿದಾಗ ನನಗೆ ತಲೆಬುಡ ಹತ್ತಿರಲಿಲ್ಲ. ಆಮೇಲೆ ಮಾರಿಗೆ ಬಿಟ್ಟ ಕೋಣ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅದು ಯಾರ ಗದ್ದೆಗೆ ನುಗ್ಗಿದರೂ ಯಾರೂ ಹೊಡೆಯುತ್ತಿರಲಿಲ್ಲ. ಕೈಮುಗಿದು ದಾರಿ ಬಿಡುತ್ತಿದ್ದರು. ಅದರ ಕೊನೆ ಏನು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಕೋಣಕ್ಕೆ ಬಿಟ್ಟು. ‘ದೇವರಿಗೆ ಬಿಟ್ಟಿದ್ದು’ ಅನ್ನುವ ನಮ್ಮ ಮಾತಿನಲ್ಲಿ ಆ ಗೌರವವೂ ಇದೆ, ಆ ಕತ್ತಿಯೂ ಇದೆ.

ನಾನು ಸೇಕ್ರೆಡ್ ಅನ್ನುವ ಪದವನ್ನು ಮೊದಲು ನೋಡಿದ್ದು ಯಾವ ಪುಸ್ತಕದಲ್ಲೂ ಅಲ್ಲ. ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಎಸ್ಟೇಟಿನ ಕೆಳಗಡೆ, ಹಳ್ಳದ ಹತ್ತಿರ, ಕಾಫಿ ಗಿಡಗಳ ನಡುವೆ ಒಬ್ಬ ದೊರೆಯ ಸಮಾಧಿ ಇತ್ತು. ಹಾವಸೆ ಹಿಡಿದ ಕಲ್ಲು. ಬ್ರಿಟಿಷರ ಹಳೇ ಸಮಾಧಿಗಳ ಮೇಲೆ ಎಲ್ಲೆಲ್ಲೂ ಇರುವ ಸಾಲೇ ಅಲ್ಲೂ ಇತ್ತು: ‘ಸೇಕ್ರೆಡ್ ಟು ದಿ ಮೆಮೊರಿ ಆಫ್’. ನಾನು ಐದನೇ ಕ್ಲಾಸು. ಆಗಷ್ಟೇ ಎಬಿಸಿಡಿ ಕಲಿತ ಹುಮ್ಮಸ್ಸಿನಲ್ಲಿ ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, “ಅಪ್ಪ, ಹಂಗಂದ್ರೆ?” ಅಂದೆ.

ಅಪ್ಪ ಓದಿದ್ದು ಏಳನೇ ಕ್ಲಾಸು. ಅವರ ಇಂಗ್ಲಿಷು ಮಸ್ಟರ್ ರೋಲಿನಷ್ಟು. ಸ್ವಲ್ಪ ಹೊತ್ತು ನೋಡಿ, “ಈ ದೊರೆ ನೆನಪಿಗೆ ಮೀಸಲು ಅಂತ ಕಣವ್ವ, ಈ ಜಾಗದಲ್ಲಿ ಗಿಡ ಹಾಕಂಗಿಲ್ಲ,” ಅಂದರು.

ಕಾಲೇಜಿಗೆ ಬಂದು ಡಿಕ್ಷನರಿ ತೆಗೆದು ನೋಡಿದರೆ ಸೇಕ್ರೆಡ್ ಅಂದರೆ ಪವಿತ್ರ, ಪಾವನ, ಪೂಜ್ಯ. ಮೀಸಲು ಎಲ್ಲೂ ಕಾಣಲಿಲ್ಲ. ಪಾಪ, ಅಪ್ಪನಿಗೆ ಗೊತ್ತಿರಲಿಲ್ಲ, ಏನೋ ಒಂದು ಹೇಳಿದ್ದಾರೆ ಅಂದುಕೊಂಡೆ. ಅದೇ ಡಿಕ್ಷನರಿ ನೆಚ್ಚಿಕೊಂಡು ಇಪ್ಪತ್ತಾರು ವರ್ಷ ಪಾಠ ಮಾಡಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಮೊನ್ನೆ ಆ ಗೈಡ್ ಹುಡುಗ ಫೋನ್ ಇಟ್ಟ ಮೇಲೆ, ಆರಿದ ಮುದ್ದೆ ಮುಂದೆ ಕೂತಾಗ, ಸರಿ ಹೇಳಿದ್ದು ಅಪ್ಪ ಅನ್ನುವುದು ಹೊಳೆಯಿತು.

ಮೀಸಲು ಅನ್ನುವುದು ಹಳಗನ್ನಡದಲ್ಲೇ ‘ಮೀಸಲ್’ ಆಗಿ ಇದ್ದ ಪದ. ದೇವರಿಗಂತ ತೆಗೆದಿಟ್ಟದ್ದು. ಹಬ್ಬದ ದಿನ ಎಡೆ ಇಡುವ ತನಕ ಪಾಯಸದ ಪಾತ್ರೆಗೆ ಬೆರಳು ಹಾಕಿದರೆ ಅಜ್ಜಿ ಅನ್ನುತ್ತಿದ್ದದ್ದು ‘ಮೀಸಲು ಮುರಿದ್ಯಲ್ಲೇ!’ ಅಂತ. ಹಸು ಕರು ಹಾಕಿದ ಮೇಲೆ ಕಡೆದ ಮೊದಲ ಬೆಣ್ಣೆ ಮೀಸಲು. ಹೊಸ ಅಕ್ಕಿಯ ಮೊದಲ ಹಿಡಿ ಮೀಸಲು. ಬೆಣ್ಣೆ ಅದೇ ಬೆಣ್ಣೆ, ಅಕ್ಕಿ ಅದೇ ಅಕ್ಕಿ. ಅದರ ಗುಣ ಬದಲಾಗಿಲ್ಲ, ಅದನ್ನು ತೆಗೆದು ಪಕ್ಕಕ್ಕೆ ಇಟ್ಟಿದ್ದಾರೆ. ಅದರ ಜೊತೆಗೆ ಬರುವ ಕ್ರಿಯಾಪದಗಳನ್ನು ನೋಡಿ: ಮೀಸಲು ಇಡು, ಮೀಸಲು ತೆಗೆ, ಮೀಸಲು ಮುರಿ. ಎಲ್ಲಕ್ಕೂ ಒಂದು ಕೈ ಬೇಕು. ‘ಸೇಕ್ರೆಡ್’ ಕಳೆದುಕೊಂಡ ಕ್ರಿಯಾಪದವನ್ನು ನಮ್ಮ ಪದ ಇನ್ನೂ ಇಟ್ಟುಕೊಂಡಿದೆ.

ಇದರ ತಂಗಿ ಮುಡಿಪು. ನಮ್ಮ ಮನೆಯಲ್ಲಿ ಧರ್ಮಸ್ಥಳದ ಮುಡಿಪು ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ ಇರುತ್ತಿತ್ತು. ಅರಿಶಿನ ಬಟ್ಟೆಯಲ್ಲಿ ಗಂಟು ಕಟ್ಟಿದ ಕಾಸು. ಸಾಲಗಾರರು ಬಾಗಿಲಿಗೆ ಬಂದ ದಿನವೂ ಅವ್ವ ಆ ಡಬ್ಬಿ ಕಡೆ ನೋಡಿದವಳಲ್ಲ. ಫೀಸು ಕಟ್ಟಲು ಪಕ್ಕದ ಮನೆಯಲ್ಲಿ ಕೈಗಡ ತಂದಳೇ ಹೊರತು ಗಂಟು ಬಿಚ್ಚಲಿಲ್ಲ. ನನ್ನ ತಮ್ಮ ಮಾತ್ರ ಒಂದು ಸಲ ಬಿಚ್ಚಿದ. ಎಂಟಾಣೆ. ಸಕಲೇಶಪುರದ ಸಂತೆಯಲ್ಲಿ ಐಸ್‌ಕ್ಯಾಂಡಿಗೆ. ನಾಲಿಗೆ ಕೆಂಪಗಾಗಿದ್ದರಿಂದ ಸಿಕ್ಕಿಬಿದ್ದ. ಅವ್ವ ಹೊಡೆಯಲಿಲ್ಲ. ತಾನೇ ಗಲ್ಲ ಗಲ್ಲ ಬಡಿದುಕೊಂಡು, ಎಂಟಾಣೆಗೆ ಒಂದು ರೂಪಾಯಿ ಸೇರಿಸಿ ತಪ್ಪುಕಾಣಿಕೆ ಕಟ್ಟಿ ಇಟ್ಟಳು. ಹೊಡೆದಿದ್ದರೆ ಅವನು ಮರೆಯುತ್ತಿದ್ದ. ಈಗ ಐವತ್ತು ದಾಟಿದರೂ ಅದನ್ನು ನೆನೆಸಿಕೊಂಡು ಮುಖ ಸಣ್ಣದು ಮಾಡುತ್ತಾನೆ.

ಅವನು ಮಾಡಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಹೆಸರಿದೆ, ಸ್ಯಾಕ್ರಿಲೆಜ್. ಈಗ ಅದನ್ನು ಯಾವುದೇ ಅಪಚಾರಕ್ಕೂ ಬಳಸುತ್ತಾರೆ, ಫಿಲ್ಟರ್ ಕಾಫಿಗೆ ಹಾಲಿನ ಪುಡಿ ಹಾಕಿದರೂ ಸ್ಯಾಕ್ರಿಲೆಜ್. ಹುಟ್ಟಿದ ಅರ್ಥ ನೇರವಾಗಿದೆ: ದೇವರಿಗೆ ಬಿಟ್ಟದ್ದನ್ನು ಎತ್ತಿಕೊಂಡು ಹೋಗುವುದು, ಗುಡಿಯ ಕಳ್ಳತನ. ಕೊನೆಯ ತುಂಡು ಲ್ಯಾಟಿನ್ನಿನ ‘ಲೆಗೆರೆ’, ಆಯ್ದುಕೊಳ್ಳು, ಎತ್ತಿಕೊಳ್ಳು ಅಂತ. ಬಹಳ ಜನ ಅದರಲ್ಲಿ ‘ರಿಲಿಜನ್’ ಇದೆ ಅಂದುಕೊಂಡು ಸ್ಪೆಲ್ಲಿಂಗ್ ತಪ್ಪು ಮಾಡುತ್ತಾರೆ. ಇಂಗ್ಲಿಷಿನವರೂ ಮಾಡುತ್ತಾರೆ. ಅಲ್ಲಿ ಇರುವುದು ಧರ್ಮವಲ್ಲ, ಎಂಟಾಣೆ.

ಇನ್ನೊಂದು, ಸ್ಯಾಕ್ರೊಸ್ಯಾಂಕ್ಟ್. ರೋಮಿನಲ್ಲಿ ಜನಸಾಮಾನ್ಯರ ಪರವಾಗಿ ನಿಲ್ಲುತ್ತಿದ್ದ ಟ್ರಿಬ್ಯೂನ್ ಎಂಬ ಅಧಿಕಾರಿಗಳ ಮೈ ಮುಟ್ಟುವ ಹಾಗಿರಲಿಲ್ಲ, ಅವರು ಸ್ಯಾಕ್ರೊಸ್ಯಾಂಕ್ಟ್. ನಮ್ಮ ಮನೆಯಲ್ಲಿ ಯಜಮಾನರ ಭಾನುವಾರ ಮಧ್ಯಾಹ್ನದ ನಿದ್ದೆ.

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿರುತ್ತೀರಿ. ತೋಳುದ್ದದ ಮೀನುಗಳು, ಬಾಯಿ ತೆರೆದುಕೊಂಡು ಒಂದರ ಮೇಲೊಂದು ಹತ್ತುತ್ತವೆ. ಮುಟ್ಟಿದರೂ ಓಡುವುದಿಲ್ಲ. ಅವು ‘ದೇವರ ಮೀನು’. ನನ್ನ ಸೋದರತ್ತೆಯ ಮನೆ ಅದೇ ಹೊಳೆಯ ಕೆಳಗಡೆ ದಂಡೆಯಲ್ಲಿತ್ತು. ಮಾವ ಗಾಳ ಹಾಕುವುದರಲ್ಲಿ ಎತ್ತಿದ ಕೈ. ಅತ್ತೆ ಮಾಡುತ್ತಿದ್ದ ಹೊಳೆಮೀನಿನ ಸಾರು, ಹುಣಸೆಹುಳಿ ಬದಲು ಉಪ್ಪಗೆಹುಳಿ ಹಾಕಿ, ಮಾರನೇ ದಿನಕ್ಕೆ ಇನ್ನೂ ರುಚಿ. ಒಮ್ಮೆ ನಾನು ಕೇಳಿದೆ, ಅಲ್ಲಿನ ಮೀನು ಈಜಿಕೊಂಡು ಇಲ್ಲಿಗೆ ಬಂದರೆ?

ಮಾವ ಯೋಚನೆಯೇ ಮಾಡಲಿಲ್ಲ. “ಬಂದ್ರೆ ಮೀನು. ಅಲ್ಲಿದ್ರೆ ದೇವರ ಮೀನು.”

ಇಂಗ್ಲಿಷಿನಲ್ಲಿ ಸೇಕ್ರೆಡ್‌ಗೆ ಎದುರುಪದ ಪ್ರೊಫೇನ್. ಈಗ ಅದರ ಅರ್ಥ ಹೊಲಸು, ಕೆಟ್ಟ ಬೈಗುಳ. ಆದರೆ ಬಿಡಿಸಿ ನೋಡಿದರೆ ‘ಪ್ರೊ’ ಅಂದರೆ ಎದುರಿಗೆ, ‘ಫಾನುಮ್’ ಅಂದರೆ ಗುಡಿ. ಗುಡಿಯ ಮುಂದಿನ ಬಯಲು, ಒಳಗೆ ಅಲ್ಲದ್ದು. ಅಷ್ಟೆ. ಅದರಲ್ಲಿ ಮೊದಲು ಯಾವ ಬೈಗುಳವೂ ಇರಲಿಲ್ಲ. ಸಾರಿನ ಮೀನು ಕೆಟ್ಟ ಮೀನಲ್ಲ, ಗೆರೆಯ ಈಚೆ ಬಂದ ಮೀನು.

ಕಾಡಿಗೂ ಇದೇ ಗೆರೆ. ಚಿಕ್ಕಮಗಳೂರಿನ ಭದ್ರಾ ಕಾಡು 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ‘ಸ್ಯಾಂಕ್ಚುಅರಿ’ ಆಯಿತು. 1998ರಲ್ಲಿ ಹುಲಿಗಳಿಗೆ ‘ರಿಸರ್ವ್’ ಆಯಿತು. ಸ್ಯಾಂಕ್ಚುಅರಿ ಮೊದಲು ಚರ್ಚಿನ ಪದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕೊಲೆ ಮಾಡಿದವನೂ ಓಡಿಹೋಗಿ ಚರ್ಚಿನೊಳಗೆ ಸೇರಿಕೊಂಡರೆ ನಲವತ್ತು ದಿನ ಯಾರೂ ಮುಟ್ಟುವ ಹಾಗಿರಲಿಲ್ಲ. ಆಮೇಲೆ ಶರಣಾಗಬೇಕು, ಇಲ್ಲ ದೇಶ ಬಿಡಬೇಕು. ಹದಿನೇಳನೇ ಶತಮಾನದಲ್ಲಿ ಅದನ್ನು ತೆಗೆದುಹಾಕಿದರು. ಕಳ್ಳರಿಗೆ ಹೋದದ್ದು ಕಾಡೆಮ್ಮೆಗೆ ಸಿಕ್ಕಿತು. ನಮ್ಮವರು ಅದಕ್ಕೆ ‘ಅಭಯಾರಣ್ಯ’ ಅಂತ ಮಾಡಿದ ಪುಣ್ಯಾತ್ಮ ಯಾರೋ, ಅವರಿಗೆ ನನ್ನದೊಂದು ನಮಸ್ಕಾರ. ಮೂಲಕ್ಕಿಂತ ಚೆನ್ನಾಗಿದೆ.

ಗೆರೆ ಜಾಗದಲ್ಲೇ ಇರಬೇಕು ಅಂತಿಲ್ಲ, ಕಾಲದಲ್ಲೂ ಇರುತ್ತದೆ. ಹಾಸನಾಂಬೆಯ ಬಾಗಿಲು ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತೆಗೆಯುತ್ತಾರೆ. ಬಾಳೆಕಂದು ಕಡಿದ ಮೇಲೆ ಬಾಗಿಲು. ಬಲಿಪಾಡ್ಯಮಿ ಕಳೆದು ಮುಚ್ಚಿದರೆ ಇನ್ನು ಬರುವ ವರ್ಷವೇ. ಒಳಗೆ ಹಚ್ಚಿಟ್ಟ ದೀಪ ವರ್ಷವಿಡೀ ಆರುವುದಿಲ್ಲ, ಹೂ ಬಾಡುವುದಿಲ್ಲ ಅನ್ನುವುದು ಊರಿನ ನಂಬಿಕೆ. ಆ ಹತ್ತು ಹನ್ನೆರಡು ದಿನ ಹಾಸನದಲ್ಲಿ ಆಟೋ ಸಿಗುವುದಿಲ್ಲ, ಕ್ಯೂ ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ ಅಂತ ತಿಳಿಯುವುದಿಲ್ಲ. ನನಗೆ ಹೆಚ್ಚು ಇಷ್ಟ ಉಳಿದ ದಿನಗಳು. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಆ ಮುಚ್ಚಿದ ಬಾಗಿಲ ಮುಂದೆ ಹಾದುಹೋಗುವಾಗ ಸುಮ್ಮನೆ ಒಂದು ಸಲ ಕೈ ಎದೆಗೆ ಹೋಗುತ್ತದೆ. ಮೀಸಲಿನ ತೂಕ ಗೊತ್ತಾಗುವುದು ಮುಚ್ಚಿದ ಬಾಗಿಲಿನಲ್ಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದನ್ನೂ ಹೇಳದೆ ಬಿಟ್ಟರೆ ಅವ್ವನ ಡಬ್ಬಿಯ ಕಾಸು ಕದ್ದಂತೆ. ಗೆರೆ ಎಳೆದ ಕೂಡಲೇ ಒಬ್ಬರು ಒಳಗೆ, ಒಬ್ಬರು ಹೊರಗೆ. ನಮ್ಮ ಚೌಡಿ ಬನದ ಪೂಜೆಗೆ ತಮಟೆ ಬಡಿಯುತ್ತಿದ್ದವರು ಇಡೀ ದಿನ ಬಡಿದು, ಬೇಲಿಯಾಚೆಯೇ ನಿಂತು, ಅಲ್ಲೇ ಎಲೆ ಹಾಕ್ಕೊಂಡು ಉಣ್ಣುತ್ತಿದ್ದರು. ನಾನು ಆ ಬೇಲಿಯನ್ನು ನೋಡಿದ್ದೆ, ಅದೊಂದು ಬೇಲಿ ಅಂತ ತಿಳಿಯಲು ಕಾಲೇಜಿಗೆ ಹೋಗಬೇಕಾಯಿತು. ತಿಂಗಳ ಮೂರು ದಿನ ನಾನೇ ಆ ಬೇಲಿಯಾಚೆ ಇರುತ್ತಿದ್ದೆ, ಆದರೂ. ಹೆಣ್ಣುಮಕ್ಕಳನ್ನು ದೇವರಿಗೆ ‘ಬಿಟ್ಟ’ ಭಾಷೆಯೂ ನಮ್ಮದೇ. ಅದನ್ನು ನಿಲ್ಲಿಸಲು ಕರ್ನಾಟಕಕ್ಕೆ 1982ರಲ್ಲಿ ಕಾಯ್ದೆ ಬೇಕಾಯಿತು.

ಮೀಸಲು ಅನ್ನುವ ಪದ ಮಾತ್ರ ಆಮೇಲೆ ಒಂದು ಮಗ್ಗುಲು ಹೊರಳಿತು. ಈಗ ಸಕಲೇಶಪುರ ಮೀಸಲು ಕ್ಷೇತ್ರ, ಮೂಡಿಗೆರೆಯೂ ಮೀಸಲು ಕ್ಷೇತ್ರ. ಒಂದು ಕಾಲದಲ್ಲಿ ಮೀಸಲಿನ ಹತ್ತಿರ ಬರಬೇಡಿ ಅಂತ ಯಾರನ್ನು ದೂರ ನಿಲ್ಲಿಸಿದ್ದರೋ ಅವರಿಗೇ ಈಗ ಕುರ್ಚಿ ಮೀಸಲು. ಅಜ್ಜಿಯ ಪಾಯಸದ ಪದ ವಿಧಾನಸಭೆಗೆ ಹೋಯಿತು. ಕ್ಷೇತ್ರ ಅನ್ನುವುದೂ ಪುಣ್ಯಕ್ಷೇತ್ರದ ಪದವೇ ಅನ್ನುವುದನ್ನು ನೆನೆದರೆ ನನಗೆ ಇನ್ನೂ ಖುಷಿ. ಮೀಸಲಾತಿ ಬಗ್ಗೆ ಸ್ಟಾಫ್‌ರೂಮಿನಲ್ಲಿ ಗೊಣಗುವವರಿಗೆ ನಾನು ಈ ಪದದ ಕಥೆ ಹೇಳುವುದುಂಟು. ಅವರು ಎದ್ದು ಕ್ಲಾಸಿಗೆ ಹೋಗುತ್ತಾರೆ. ಬೆಲ್ ಆಗದಿದ್ದರೂ.

ಸೇಕ್ರೆಡ್ ಆದದ್ದು ಮತ್ತೆ ಬರೀ ಕಲ್ಲಾಗಬಹುದೇ? ಶೆಟ್ಟಿಹಳ್ಳಿ ಚರ್ಚು ನೋಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಊರು ಖಾಲಿಯಾಯಿತು, ಚರ್ಚು ಪಾಳುಬಿತ್ತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸುವವರಿಂದ ತುಂಬುತ್ತದೆ. ಪೂಜೆಯಿಲ್ಲ, ಗಂಟೆಯಿಲ್ಲ, ಚಾವಣಿಯೇ ಇಲ್ಲ. ಆದರೂ ಹೋದ ಬೇಸಿಗೆಯಲ್ಲಿ ಒಬ್ಬ ಮದುಮಗ ಗೋಡೆಯ ಮೇಲೆ ಹತ್ತಲು ಹೋದಾಗ ಕ್ಯಾಮೆರಾದವನೇ ‘ಬೇಡ ಸಾರ್, ಅದು ಆಲ್ಟರ್ ಇದ್ದ ಜಾಗ’ ಅಂದು ಇಳಿಸಿದ. ಸೋಮನಾಥಪುರದಲ್ಲೂ ಹೀಗೇ. ಮೂರ್ತಿಗಳು ಮುಕ್ಕಾಗಿ ಪೂಜೆ ನಿಂತು ಎಷ್ಟೋ ಕಾಲವಾಯಿತು. ಆದರೂ ಗರ್ಭಗುಡಿ ಮುಂದೆ ಬಂದವರ ದನಿ ತಾನಾಗಿ ತಗ್ಗುತ್ತದೆ.

ಇವಿಷ್ಟೂ ತಲೆಯಲ್ಲಿ ಇಟ್ಟುಕೊಂಡು ಎರಡು ದಿನ ಬಿಟ್ಟು ಹುಡುಗನಿಗೆ ಫೋನ್ ಮಾಡಿದೆ.

“ನೋಡಪ್ಪ, ಇನ್ನೊಂದ್ಸಲ ಯಾರಾದ್ರೂ ಕೇಳಿದ್ರೆ ಹೀಗನ್ನು. ಕಲ್ಲು ಸೇಕ್ರೆಡ್ ಅಲ್ಲ. ಅದು ಬಳಪದ ಕಲ್ಲು, ಬೇರೆ ಕಡೆನೂ ಸಿಗತ್ತೆ. 1117ರಲ್ಲಿ ಅದನ್ನ ದೇವರಿಗೆ ಅಂತ ತೆಗೆದಿಟ್ರು. ತೆಗೆದಿಟ್ಟಿದ್ದಕ್ಕೆ ಸೇಕ್ರೆಡ್. ‘ಕೆಪ್ಟ್ ಫಾರ್ ಗಾಡ್’ ಅನ್ನು, ಸಾಕು.”

“ಮೀಸಲು ಅನ್ನಿ ಮೇಡಂ ಹಂಗಾದ್ರೆ.”

ಇಪ್ಪತ್ತಾರು ವರ್ಷ. ಮೂವತ್ತೈದು ಮಾರ್ಕ್ಸಿನ ಹುಡುಗ ಒಂದು ಉಸಿರಿನಲ್ಲಿ ಹೇಳಿಬಿಟ್ಟ.

ವಾರದ ಮೇಲೆ ಅವನೇ ಮತ್ತೆ ಫೋನ್ ಮಾಡಿದ. ಹೊಸ ಗುಂಪಿಗೆ ಹಾಗೇ ಹೇಳಿದನಂತೆ. ಎಲ್ಲರೂ ತಲೆದೂಗಿದರಂತೆ. ಒಬ್ಬ ಚಿಕ್ಕ ಹುಡುಗಿ, ಎಂಟೊಂಬತ್ತು ವರ್ಷದವಳು, ಕೈ ಎತ್ತಿ ‘ಹಾಗಾದರೆ ಅದನ್ನ ಈಗ ಇಟ್ಟುಕೊಂಡು ಬರ್ತಿರೋರು ಯಾರು?’ ಅಂದಳಂತೆ.

“ನೀನೇನಂದೆ?”

“ಚಪ್ಪಲಿ ಸ್ಟ್ಯಾಂಡಿನ ಅಜ್ಜಿ ಕಡೆ ಕೈ ತೋರಿಸ್ದೆ ಮೇಡಂ. ಆಯಮ್ಮ ಎದ್ದು ನಿಂತು ‘ಏನ್ಲಾ?’ ಅಂತು.”